ಏಕೋ ಎಂದು ಕೇಳದೆ ಹೋದ ದನಿ

ತಪ್ಪು ಮಾಡುವ ಮೊದಲು ಅದರ ಫಲ ಹೇಗಿರುತ್ತದೆಂದು ಒಮ್ಮೆ ತೋರಿಸಿಬಿಡುವ ಸೌಕರ್ಯ ಮನುಷ್ಯನ ಬಾಳಿನಲ್ಲಿ ಇಲ್ಲ. ಇದ್ದಿದ್ದರೆ ನಾನು ಅರ್ಧ ಆಯುಷ್ಯ ಸುಮ್ಮನೆ ಕೂತೇ ಕಳೆಯುತ್ತಿದ್ದೆ, ಅದರಿಂದ ನಮ್ಮೂರು ಬೆಟಗೇರಿಗೆ ಒಳ್ಳೆಯದೇ ಆಗುತ್ತಿತ್ತು. ಕಂಪ್ಯೂಟರಿನಲ್ಲಿ ಮಾತ್ರ ಆ ಸೌಕರ್ಯ ಇದೆ. ಇದ್ದೂ ನಾನು ಮಾಡಬಾರದ್ದನ್ನು ಮಾಡಿದೆ. ಮ್ಯಾಟ್ರಿಕ್ ಪಾಸಾದ ಮುದುಕನಿಗೆ ಕಂಪ್ಯೂಟರ್ ಯಾಕೆ ಬೇಕಿತ್ತು ಎಂದು ಕೇಳುವವರು ಕೇಳಲಿ. ನನ್ನ ಹೆಂಡತಿ ಪಾರವ್ವ ದಿನಾ ಕೇಳುತ್ತಾಳೆ.

ನಮ್ಮ ಓಣಿಯಲ್ಲಿ ಒಂದು ಭಜನಿ ಮೇಳ ಇದೆ. ಅದರಲ್ಲಿ ನಾನು ತಾಳ ಹಾಕುತ್ತಿದ್ದೆ. ಪದ ಒಂದು ದಾರಿಯಲ್ಲಿ ಹೊರಟರೆ ನನ್ನ ತಾಳ ಲಕ್ಷ್ಮೇಶ್ವರದ ಬಸ್ಸು ಹತ್ತಿರುತ್ತಿತ್ತು. ಹಿರಿಯರು ಬೇಜಾರು ಮಾಡದೆ, "ಗೂಳಪ್ಪಾ, ನೀ ಬಾಳ ಶ್ಯಾಣ್ಯಾ ಅದಿ, ರೆಕಾರ್ಡಿಂಗ್ ನೋಡ್ಕೋ" ಎಂದು ನನ್ನ ಕೈಯಿಂದ ತಾಳ ಇಸಿದುಕೊಂಡರು. ಅಂದಿನಿಂದ ಮೇಳದ ದನಿಗಳೆಲ್ಲ ನನ್ನ ವಶ. ಒಬ್ಬೊಬ್ಬರ ಹಾಡನ್ನೂ ಅವರವರ ಹೆಸರಿನಲ್ಲೇ ಕಂಪ್ಯೂಟರಿಗೆ ಹಾಕಿಟ್ಟೆ. ಬರುಬರುತ್ತಾ ಹಾಡಿದವರು ಒಬ್ಬೊಬ್ಬರಾಗಿ ತೀರಿಕೊಂಡರು. ಮೇಳದಲ್ಲಿ ಕೂತವರಿಗಿಂತ ಕಂಪ್ಯೂಟರಿನ ಪೆಟ್ಟಿಗೆಯೊಳಗಿದ್ದವರೇ ಹೆಚ್ಚಾದರು.

ಪೆಟ್ಟಿಗೆ ತುಂಬಿ ಏದುಸಿರು ಬಿಡತೊಡಗಿದಾಗ ಪಕ್ಕದ ಮನೆಯ ಶೈಲಾಳನ್ನು ಕರೆದೆ. ಅವಳದು ಕಂಪ್ಯೂಟರ್ ರಿಪೇರಿಯ ಅಂಗಡಿ. ಹಳೆಯದನ್ನೆಲ್ಲ ತೆಗೆದು ಬೇರೆ ಏನೋ ಹಾಕಿ, ಪರದೆಯ ಮೇಲೆ ಒಂದು ಕರಿ ಕಿಟಕಿ ತೆರೆದು ತೋರಿಸಿದಳು. ಅದರಲ್ಲಿ ಹುಕುಂ ಬರೆದು ಒತ್ತಿದರೆ ಸಾಕು, ಕೆಲಸ ಆಗುತ್ತದೆ.

"ಕಾಕಾ, ಇದರಾಗ ಕಸದ ಬುಟ್ಟಿ ಇಲ್ಲರಿ. ಅಳಿಸಿದ್ರ ಹೋತು, ತಿರುಗಿ ಬರಂಗಿಲ್ಲ. ಅದಕ್ಕ ಹುಕುಮಿನ ಮುಂದ ಮೊದಲು ಎಕೋ ಅಂತ ಹಚ್ಚಿ ನೋಡ್ರಿ. ಏನೇನು ಹೋಗತೈತಿ ಅಂತ ಬರೇ ತೋರಸ್ತದ, ಮಾಡಂಗಿಲ್ಲ."

ಅವಳು ಹೇಳಿದ್ದು ಪ್ರತಿಧ್ವನಿ ಎಂಬರ್ಥದ ಇಂಗ್ಲಿಷ್ ಶಬ್ದ. ನನಗೆ ಕೇಳಿಸಿದ್ದು "ಏಕೋ?" ಯಂತ್ರವನ್ನು ಗದರಿಸಿ, ಏಕೋ, ಏನು ಮಾಡಾಕ ಹೊಂಟಿ ಎಂದು ಕೇಳುವ ಪದ್ಧತಿ ಎಂದುಕೊಂಡೆ. ಬಹಳ ಹಿಡಿಸಿತು. ನನ್ನ ಮಾತಿಗೆ ನಿಂತು ಉತ್ತರ ಕೊಡುವಂಥದ್ದು ನಮ್ಮ ಮನೆಯಲ್ಲಿ ಬೇರೆ ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಹೊರಗೆ ಕೆಂಪು ಧೂಳಿನ ಗಾಳಿ ಎದ್ದು ಬೀದಿಯೇ ಕಾಣದಂತಾಗಿತ್ತು. ಮೇಳ ಶುರುವಾಗುವ ಮುಂಚಿನ ಗದ್ದಲವೂ ಎಷ್ಟೋ ರೆಕಾರ್ಡಾಗಿತ್ತು. ಅದಕ್ಕೆ ಗದ್ದಲ ಎಂದೇ ಹೆಸರಿಟ್ಟಿದ್ದೆ. ಅದನ್ನು ಅಳಿಸಬೇಕು. ಪೂರ್ತಿ ಬರೆಯಲು ಬೇಸರವಾಗಿ ಬರೀ "ಗ" ಬರೆದು ಮುಂದೆ ನಕ್ಷತ್ರದಂಥ ಚುಕ್ಕಿ ಗುರುತು ಹಾಕಿದೆ. ಆ ಚುಕ್ಕಿ ಹಾಕಿದರೆ "ಗ"ದಿಂದ ಶುರುವಾಗುವುದೆಲ್ಲ ಬರುತ್ತದೆ. ಹುಕುಮಿನ ತಲೆಗೆ ಏಕೋ ಹಚ್ಚಿ ಒತ್ತಿದೆ. ಕರಿ ಕಿಟಕಿಯಲ್ಲಿ ಅಳಿಸುವ ಹುಕುಮಿನ ಮಗ್ಗುಲಿಗೆ ಹೆಸರುಗಳು ಎದ್ದು ನಿಂತವು. ಗಂಗವ್ವ, ಗದಿಗೆಪ್ಪ, ಗದ್ದಲ, ಗುರುಬಸಪ್ಪ. ಗದ್ದಲ ಬಿಟ್ಟರೆ ಎಲ್ಲರೂ ತೀರಿಹೋದವರು. ಅವರನ್ನೇ ಇನ್ನೊಮ್ಮೆ ಕರೆದೊಯ್ಯಲು ಯಾರೋ ಹಾಜರಿ ಕೂಗಿದಂತಿತ್ತು. ಎಲ್ಲರ ಹಿಂದೆ, ಜಾಗ ಹಿಡಿದು ಕೂತವನ ಹಾಗೆ, ಗೂಳಪ್ಪ. ನಾನೂ ಎಂದೋ ಒಂದು ಪದ ಹಾಡಿದ್ದೆನಲ್ಲ! ಮನೆಯ ಕಿಟಕಿ ಮುಚ್ಚಿದ್ದರೂ ಬೆನ್ನಿಗೆ ತಣ್ಣಗೆ ಗಾಳಿ ತಾಗಿತು.

"ಯಾಕ್ರೀ, ಮಾರಿ ಹಿಂಗ ಮಾಡೀರಿ?" ಎಂದಳು ಪಾರವ್ವ.

"ನನ್ನ ಹೆಸರು ಬಂದೈತಿ ಇದರಾಗ."

"ಬರ್ಲಿ ಬಿಡ್ರಿ. ಚಾ ಕುಡಿದು ಹೋಗುವಿರಂತ."

ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಬದಲಿಗೆ ಧೈರ್ಯ ಬಂತು. ಏಕೋ ಕಾಯುತ್ತದೆ, ಇನ್ನೇನು ಭಯ? ಈ ಸಲ ಗದ್ದಲ ಎಂದು ಪೂರ್ತಿ ಬರೆದೆ. ವಾರಗಟ್ಟಲೆ ಕಾದ ಮೇಲೆ ನಳಕ್ಕೆ ನೀರು ಬಂದ ಖುಷಿಗೆ ಅದರ ಸಪ್ಪಳವನ್ನೂ ರೆಕಾರ್ಡ್ ಮಾಡಿ ನೀರು ಎಂದು ಹೆಸರಿಟ್ಟಿದ್ದೆ. ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೂ ಹೋಗಲಿ ಎಂದು ಅದೇ ಸಾಲಿನಲ್ಲಿ ಒಂದು ಅರ್ಧವಿರಾಮ ಹಾಕಿ ಎರಡನೆಯ ಹುಕುಂ ಬರೆದೆ. ಅಲ್ಲಿ ಮತ್ತೆ ಸೋಮಾರಿತನ: "ನೀ" ಬರೆದು ಚುಕ್ಕಿ. ಸಾಲಿನ ತಲೆಗೆ ಒಂದೇ ಒಂದು ಏಕೋ. ಮನೆಯ ಯಜಮಾನನಿಗೆ ಅಕ್ಷತೆ ಕೊಟ್ಟರೆ ಮನೆಮಂದಿಗೆಲ್ಲ ಕರೆ ಮುಟ್ಟಿದಂತೆ ಎಂಬುದು ನನ್ನ ಲೆಕ್ಕ.

ಗದ್ದಲ ಮಾತ್ರ ಕಾಣಿಸಿತು. ಎರಡನೆಯದರ ಸುದ್ದಿಯೇ ಇಲ್ಲ. ಆಮೇಲೆ ಶೈಲಾ ಹೇಳಿದಳು: "ಕಾಕಾ, ಎಕೋ ಅರ್ಧವಿರಾಮದ ಮಟಾ ಅಷ್ಟ. ಅದರಾಚೆಗಿನ ಹುಕುಂ ಖರೇನ ನಡದೈತ್ರಿ." ಈ ಯಂತ್ರದ ರೀತಿಯೇ ಹಾಗಂತೆ. ಮಾತಾಡಿದರೆ ಇನ್ನೂ ಮಾಡಿಲ್ಲ ಎಂದರ್ಥ. ಸುಮ್ಮನಿದ್ದರೆ ಮಾಡಿಬಿಟ್ಟಿದೆ.

ನೀರು ಹೋಗಿತ್ತು. ಅದರ ಜೊತೆಗೆ ನೀಲವ್ವ ಹೋಗಿದ್ದಳು.

ನೀಲವ್ವ ನನ್ನ ಗೆಳೆಯ ಹರ್ತಿ ಊರಿನ ಬಸಣ್ಣನ ಹೆಂಡತಿ. ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ನಮ್ಮ ಮೇಳಕ್ಕೆ ಬಂದಾಗ ಹಾಡಿದ ಒಂದು ಪದದಲ್ಲಿ, ಅದೂ ನಮ್ಮ ಮನೆಯಲ್ಲಿ. ಬಸಣ್ಣ ಸೋಮವಾರ ಸೋಮವಾರ ಬಸ್ಸು ಹತ್ತಿ ಬಂದು ಕೇಳಿ ಹೋಗುತ್ತಿದ್ದ. ಕಾಪಿ ಮಾಡಿಕೊಡುತ್ತೇನೆಂದರೆ ಒಲ್ಲೆ ಎಂದಿದ್ದ. "ನಮ್ಮ ಮನ್ಯಾಗ ಕೇಳಿದ್ರ ಆಕಿ ಒಳಗ ಅದಾಳ ಅನಸ್ತೈತೋ. ಎದ್ದು ಅಡಗಿಮನಿಗೆ ಹೋಗಿ ನೋಡ್ತೀನಿ." ಶೈಲಾ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು ಹುಡುಕಿದಳು. ನಳದ ನೀರಿನ ತುಣುಕೊಂದು ಸಿಕ್ಕಿತು. ನೀಲವ್ವ ಸಿಗಲಿಲ್ಲ.

ಸೋಮವಾರ ಬಸಣ್ಣ ಬಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ಹೋಗಿ, ಅದೇ ಪದವನ್ನು ಎಂದೋ ಮೇಳದಲ್ಲಿ ಪಾರವ್ವ ಹಾಡಿದ್ದನ್ನು ಹಚ್ಚಿತು. ಬಸಣ್ಣನಿಗೆ ಕಿವಿ ಮಂದ ಎಂದು ನನ್ನ ನಂಬಿಕೆ. ಅವನ ಕಣ್ಣಿನಿಂದ ನೀರಿಳಿಯಿತು. ಪದದ ನಡುವೆ ಪೆಟ್ಟಿಗೆಯಲ್ಲಿ ಪಾರವ್ವ ಕೆಮ್ಮಿದಳು. ಮರುಕ್ಷಣ ಅಡಿಗೆಮನೆಯಿಂದ ಅದೇ ಕೆಮ್ಮು. ಬಸಣ್ಣ ಕಣ್ಣು ತೆರೆದು ಒಳಬಾಗಿಲ ಕತ್ತಲೆಯನ್ನು ಬಹಳ ಹೊತ್ತು ನೋಡಿದ.

ಅವನು ಹೋದ ಮೇಲೆ ಪಾರವ್ವ ರೊಟ್ಟಿಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನಾ ಸತ್ತದ್ದು ಯಾವಾಗರಿ? ನನಗೂ ಒಂದು ಮಾತು ಹೇಳಬಾರದ?"

ನಗುತ್ತಾಳೆಂದುಕೊಂಡೆ. ನಗಲಿಲ್ಲ. ತನ್ನ ದನಿಗೆ ಇನ್ನೊಬ್ಬರು ಅಳುವುದನ್ನು ಗೋಡೆಯಾಚೆ ನಿಂತು ಕೇಳಿ ಬಂದಿದ್ದಳು. "ಮುಂದಿನ ಸೋಮವಾರ ಖರೇ ಹೇಳ್ರಿ. ಇಲ್ಲಾಂದ್ರ ನಾನ ಹೊರಗ ಬಂದು ಹಾಡ್ತೀನಿ. ಆ ಮನಷ್ಯಾ ಎದಿ ಒಡಕೊಂಡ್ರ ನಿಮ್ಮ ಮ್ಯಾಲೆ." ಆ ವಾರವಿಡೀ ಅವಳನ್ನೇ ಬಸಣ್ಣ ಎಂದು ಕೂರಿಸಿಕೊಂಡು ಹೇಳಿ ನೋಡಿದೆ. ಒಂದು ಸಲವೂ ನೆಟ್ಟಗೆ ಬರಲಿಲ್ಲ. ಬಸಣ್ಣನಾಗಿ ಅವಳು ನನ್ನನ್ನು ಬೈದ ರೀತಿ ಮಾತ್ರ ಪ್ರತಿ ಸಲವೂ ಚೆನ್ನಾಗಿ ಬಂತು.

ಸೋಮವಾರ ಹೇಳಿಯೇಬಿಟ್ಟೆ. ಬಸಣ್ಣ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಗೊತ್ತೈತಿ ಬಿಡಲೇ. ನೀಲವ್ವ ಆ ಪದ ಎಂದಾರ ಪೂರಾ ಹಾಡ್ಯಾಳೇನು? ಕಡೀ ನುಡಿ ಮರತು ನಕ್ಕೋತ ಬಿಟ್ಟಿದ್ಲು. ನಾ ಕೇಳಾಕ ಬರತಿದ್ದದ್ದು ಆ ನಗೀನ."

ನನಗೆ ಅದು ತಿಳಿದಿರಲಿಲ್ಲ. ಸೋಮವಾರ ಸೋಮವಾರ ಹಚ್ಚಿಕೊಟ್ಟವನು ನಾನೇ. ಹಚ್ಚಿದ ಕೂಡಲೇ ಎದ್ದು ಕಟ್ಟೆಗೆ ಹೋಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

"ಮತ್ತ ಅವತ್ತು ಯಾಕ ಅತ್ತಿ?" ಎಂದೆ.

"ನಗು ಬರಲಿಲ್ಲಲ್ಲ. ಹೋತು ಅಂತ ಅವಾಗ ತಿಳೀತು." ಗೋಡೆಗೆ ಒರಗಿ, "ಅವತ್ತು ಹಚ್ಚಿದ್ದನ್ನ ಹಚ್ಚು. ಬಸ್ ಚಾರ್ಜ್ ಕೊಟ್ಟು ಬಂದೀನಿ" ಎಂದ.

ಹಚ್ಚಿದೆ. ಕಟ್ಟೆಗೆ ಹೋಗಲು ಕಾಲು ಬರಲಿಲ್ಲ, ಅಲ್ಲೇ ಕೂತೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಪದ ಮುಗಿದಾಗ ಬಸಣ್ಣ ಒಳಬಾಗಿಲ ಕಡೆ ತಿರುಗಿ ದೊಡ್ಡ ದನಿಯಲ್ಲಿ, "ತಂಗೀ, ಬಾಳ ಚಂದ ಹಾಡೀಯವಾ" ಎಂದ.

ಪಾರವ್ವನ ಹಾಡಿನ ಬಗ್ಗೆ ಈ ಮನೆಯಲ್ಲಿ ಯಾರಾದರೂ ಆಡಿದ ಮೊದಲ ಒಳ್ಳೆಯ ಮಾತು ಅದು. ಆಡಿದವನು ನಾನಲ್ಲ.