ಬೆಳೆಯುವ ಕಾಲಿಗೆ ಹಿಮದ ಬೂಟು

ಮಕ್ಕಳಿಗೆ ಅಳತೆಗೆ ಸರಿಯಾದ ಬಟ್ಟೆ ಕೊಡಿಸುವುದು ಶ್ರೀಮಂತರ ಚಟ ಎಂದು ನಂಬಿದ ಮನೆಯಲ್ಲಿ ಹುಟ್ಟಿ, ಅದನ್ನೇ ಇನ್ನೂ ಗಟ್ಟಿಯಾಗಿ ನಂಬಿದ ಮನೆಗೆ ಸೊಸೆಯಾಗಿ ಬಂದವಳು ನಾನು. ನಮ್ಮಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹೊಲಿಸಿದ ಅಂಗಿಯ ತೋಳಿನೊಳಗೆ ಮಗುವಿನ ಕೈ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎರಡನೆಯ ವರ್ಷ ಬೆರಳು ಕಾಣುತ್ತವೆ. ಮೂರನೆಯ ವರ್ಷ ಅಂಗಿ ಮೈಗೆ ಸರಿಯಾಗಿ ಕೂರುತ್ತದೆ, ಅಷ್ಟರಲ್ಲಿ ಅದರ ಬಣ್ಣ ಹೋಗಿರುತ್ತದೆ. ನಮ್ಮ ಟೇಲರ್ ಕೂಡ ಟೇಪು ಹಿಡಿಯುವ ಮೊದಲು ಒಳಗೆ ಎಷ್ಟು ಮಡಚಲಿ ಎಂದೇ ಕೇಳುತ್ತಾನೆ. ನನ್ನ ತವರು ಯಲಬುರ್ಗಾದಲ್ಲಿ ನಮ್ಮಣ್ಣನ ಮದುವೆಯ ಕೋಟು ಹೊಲಿದವನಂತೂ ಹೊಟ್ಟೆಯ ಹತ್ತಿರ ನಾಲ್ಕು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದ. ಯಾಕೆ ಎಂದರೆ, "ಲಗ್ನಾದ ಮ್ಯಾಲೆ ಬೆಳೀತಾರ್ರಿ" ಅಂದಿದ್ದ. ಅಣ್ಣ ಅವನ ಮಾತನ್ನು ಒಂದೇ ವರ್ಷದಲ್ಲಿ ಉಳಿಸಿಕೊಟ್ಟ.

ಇನ್ನೊಂದು ವಿಷಯ ಹೇಳಿದರೆ ನೀವು ನಗುತ್ತೀರಿ. ನಾನು ಗಂಗಾವತಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಊರಿನವರ ಮಕ್ಕಳನ್ನು ತಿಂಗಳು ತಿಂಗಳು ತೂಗಿ, ಎತ್ತರ ನೋಡಿ, ಬೆಳವಣಿಗೆಯ ಪಟದಲ್ಲಿ ಚುಕ್ಕಿ ಇಡುವುದೇ ನನ್ನ ಕೆಲಸ. ಸ್ವಂತ ಮಗಳ ವಿಷಯಕ್ಕೆ ಬಂದರೆ ಮಾತ್ರ ನನಗೆ ಪಟವೂ ಬೇಡ, ಚುಕ್ಕಿಯೂ ಬೇಡ. "ಬೆಳೀತಾಳ ಬಿಡು" ಎಂಬ ಒಂದೇ ಮಾತಿನಲ್ಲಿ ಅಳತೆ ಮುಗಿಯುತ್ತದೆ.

ಆ ಮಗಳ ಹೆಸರು ನೀಲಾ. ಒಂಬತ್ತನೆಯ ತರಗತಿ. ಅವಳ ಅಪ್ಪ ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಮಿಲ್ಲಿನ ಹಿಂದೆ ಭತ್ತದ ಹೊಟ್ಟಿನ ಗುಡ್ಡೆ ಬೀಳುತ್ತದಲ್ಲ, ಸುಗ್ಗಿಯಲ್ಲಿ ಅದು ಎರಡು ಮಾಳಿಗೆ ಎತ್ತರಕ್ಕೆ ಏರುತ್ತದೆ. ಅಪ್ಪನಿಗೆ ಬುತ್ತಿ ಕೊಡಲು ಹೋದ ನೀಲಾ ಚಿಕ್ಕಂದಿನಲ್ಲಿ ಅದರ ಮೇಲಿಂದ ಗೋಣಿಚೀಲದ ಮೇಲೆ ಕೂತು ಜಾರುತ್ತಿದ್ದಳು. ಆಮೇಲೆ ಮುರಿದ ಬಾಗಿಲಿನ ಒಂದು ಹಲಗೆ ಸಿಕ್ಕಿತು. ಕೂತು ಜಾರುವುದು ಬಿಟ್ಟು ಅಡ್ಡ ನಿಂತು ಜಾರತೊಡಗಿದಳು. ಮನೆಗೆ ಬಂದರೆ ಮೈಯೆಲ್ಲ ಕಡಿತ, ತಲೆಯೆಲ್ಲ ಹೊಟ್ಟು. ಅವಳ ಜಡೆ ಬಿಚ್ಚಿ ಕೊಡವಿದರೆ ಒಂದು ಒಲೆ ಹೊತ್ತಿಸಬಹುದು ಎಂದು ನಮ್ಮತ್ತೆ ಅನ್ನುತ್ತಿದ್ದರು.

ಇದನ್ನು ಕಂಡವನು ಇಮ್ರಾನ್ ಸರ್. ಸಾಣಾಪುರದ ಕಡೆಗೆ ಬಂದ ಪ್ರವಾಸಿಗರಿಗೆ ಬಂಡೆ ಹತ್ತುವುದನ್ನು ಕಲಿಸುವ ಹುಡುಗ. ಚಳಿಗಾಲ ಬಂದರೆ ಹಿಮಾಚಲಕ್ಕೆ ಹೋಗಿ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಾನೆ. ಅಕ್ಕಿ ಒಯ್ಯಲು ಮಿಲ್ಲಿಗೆ ಬಂದವನು ಅಕ್ಕಿ ಮರೆತು ಗುಡ್ಡೆ ನೋಡುತ್ತ ನಿಂತನಂತೆ. ಹೋದ ಚಳಿಗಾಲ ನಮ್ಮನ್ನೆಲ್ಲ ಒಪ್ಪಿಸಿ ಅವಳನ್ನು ಒಂದು ಶಿಬಿರಕ್ಕೆ ಕರೆದೊಯ್ದ. ನೀಲಾ ಹಿಮದ ಮೇಲೆ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಿ, ಅಲ್ಲಿಯ ಬಿಸಿಲಿಗೆ ಮೂಗಿನ ತುದಿ ಸುಟ್ಟುಕೊಂಡು ಬಂದಳು.

ಆ ಹಲಗೆಗಳಲ್ಲಿ ಎರಡು ಬಗೆಯಂತೆ. ಒಂದು ಹಾರುವವರಿಗೆ, ಕುಣಿಯುವವರಿಗೆ. ಅದಕ್ಕೆ ಮೆತ್ತನೆಯ ಬೂಟು. ಇನ್ನೊಂದು ಆಲ್ಪೈನ್ ಬೋರ್ಡ್: ಉದ್ದ, ಸಪೂರ, ಬಿರುಸು. ನೆಟ್ಟ ಕೋಲುಗಳ ನಡುವೆ ಹಾವಿನಂತೆ ತಿರುಗುತ್ತ ಜೋರಾಗಿ ಇಳಿಯುವವರಿಗೆ. ಅದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು. ನೀಲಾ ಎರಡನೆಯದಕ್ಕೆ ಹೇಳಿ ಮಾಡಿಸಿದವಳು ಎಂದು ಇಮ್ರಾನ್ ಸರ್‌ನ ತೀರ್ಮಾನ. ಈ ಸಲದ ಶಿಬಿರದಲ್ಲಿ ರೇಸಿನ ಗುಂಪಿಗೆ ಹೊಸ ಹುಡುಗಿಯರಲ್ಲಿ ಒಬ್ಬಳನ್ನೇ ತೆಗೆದುಕೊಳ್ಳುತ್ತಾರೆ. ಹಲಗೆ ತಾನು ಕೊಡುತ್ತೇನೆ, ಆದರೆ ತನ್ನ ಹತ್ತಿರ ಇರುವ ಬೂಟುಗಳೆಲ್ಲ ಗಂಡಸರವು, ಬೂಟು ಮಾತ್ರ ನೀವೇ ತರಿಸಬೇಕು ಎಂದ. ಅಂದಿನಿಂದ ನೀಲಾ ಹಲ್ಲುಜ್ಜುವಾಗಲೂ ಅಡ್ಡ ನಿಂತು ಮೊಣಕಾಲು ಬಗ್ಗಿಸಿಯೇ ಉಜ್ಜತೊಡಗಿದಳು.

ಮೊದಲು ಹಲಗೆಯ ಪಂಚಾಯಿತಿ. ಇಮ್ರಾನ್ ಸರ್ ಅವಳ ತೂಕ ಕೇಳಿದ. ಅಂಗನವಾಡಿಯ ತಕ್ಕಡಿ ಅವಳನ್ನು ತಡೆಯುವುದಿಲ್ಲ, ಹಾಗಾಗಿ ಮಿಲ್ಲಿನ ಕಾಟಾದ ಮೇಲೆ, ಚೀಲಗಳ ನಡುವೆ ನಿಲ್ಲಿಸಿ ತೂಗಿದೆವು. ಬೆಳೆಯುವ ಹುಡುಗಿಯನ್ನು ತೂಗಿದರೆ ಬೆಳವಣಿಗೆ ನಿಲ್ಲುತ್ತದೆ ಎಂದು ನಮ್ಮತ್ತೆ ಅಂದು ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ತೂಕ ಕೇಳಿ ನನಗೇ ಅವಮಾನವಾಯಿತು, ಹೊಟ್ಟೆಗೆ ಹಾಕುವುದಿಲ್ಲ ಅಂದುಕೊಂಡಾರು ಎಂದು ಫೋನಿನಲ್ಲಿ ಸ್ವಲ್ಪ ಏರಿಸಿಯೇ ಹೇಳಿದೆ. ನೀಲಾ ಫೋನು ಕಿತ್ತುಕೊಂಡು ಮತ್ತೆ ಇಳಿಸಿ ಹೇಳಿದಳು. ಆತ ಆರಿಸಿ ತಂದು ತೋರಿಸಿದ ಹಲಗೆ ಅವಳ ಗದ್ದದವರೆಗೆ ಇತ್ತು. ಬೆಳೆಯುವ ಹುಡುಗಿಗೆ ನೆತ್ತಿಯಿಂದ ಒಂದು ಮೊಳ ಮೇಲಿರುವುದನ್ನು ಕೊಡಬಾರದೇ ಎಂದು ಕೇಳಿದೆ. ಉದ್ದ ಹಲಗೆ ಹಟಮಾರಿ ಎತ್ತಿನ ಹಾಗೆ, ಇವಳ ತೂಕಕ್ಕೆ ಅದು ತಿರುಗುವುದೇ ಇಲ್ಲ ಎಂದು ಆತ ತಾಳ್ಮೆಯಿಂದ ಹೇಳಿದ. ಹಲಗೆ ಅವನದು, ಮಾತೂ ಅವನದೇ ನಡೆಯಿತು.

ಬೂಟು ನಮ್ಮದು. ಅಲ್ಲಿ ನಮ್ಮ ಮಾತು ನಡೆಯಿತು.

ಆ ಬೂಟಿಗೆ ನಮ್ಮ ಚಪ್ಪಲಿಯಂತೆ ನಂಬರಿಲ್ಲ. ಬರಿಗಾಲನ್ನು ಗೋಡೆಗೆ ಹಚ್ಚಿ, ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಎಷ್ಟು ಸೆಂಟಿಮೀಟರ್ ಇದೆಯೋ ಅದೇ ಅಳತೆ. ನೀಲಾ ಕಾಗದದ ಮೇಲೆ ನಿಂತು ಗೆರೆ ಎಳೆಸಿಕೊಂಡಳು. ಆ ಗೆರೆಯ ಸುತ್ತ ಮನೆಯವರೆಲ್ಲ ಕೂತೆವು. ಅತ್ತೆ, ಅಲ್ಲಿ ಥಂಡಿ ಭಾಳ, ಉಣ್ಣೆಯ ಕಾಲುಚೀಲ ಎರಡು ಜೊತೆಯಾದರೂ ಬೇಕು, ಅದಕ್ಕೆ ಜಾಗ ಬಿಡಿ ಎಂದರು. ನಮ್ಮ ಮನೆಯವರು, ಒಂದೇ ವರ್ಷಕ್ಕೆ ಯಾರಾದರೂ ಬೂಟು ತರುತ್ತಾರೇನು ಎಂದರು. ನಾನು ಕಾಗದ ಮಡಚಿಕೊಂಡು ಬಜಾರಿಗೆ ಹೋಗಿ ನಮ್ಮ ಖಾಯಂ ಚಪ್ಪಲಿ ಅಂಗಡಿಯ ಖಾದರಸಾಬರನ್ನು ಕೇಳಿದೆ. ಹಿಮವನ್ನು ಅವರೂ ಕಂಡವರಲ್ಲ. ಆದರೂ ಬೆಳೆಯುವ ಮಕ್ಕಳ ಬೂಟಿನಲ್ಲಿ ಮುಂದೆ ಒಂದು ಹೆಬ್ಬೆರಳು ಜಾಗ ಬಿಡದಿದ್ದರೆ ಅದು ಪಾಪ ಎಂದರು. ಅವರ ಹೆಬ್ಬೆರಳು ಬೇರೆ ದೊಡ್ಡದು.

ನೀಲಾ ಒಬ್ಬಳೇ ಎದುರು ನಿಂತಳು. "ಸರ್ ಹೇಳ್ಯಾರವ್ವಾ, ಬೂಟು ಕಾಲನ್ನ ಗಟ್ಟಿ ಹಿಡೀಬೇಕಂತ."

"ನಿಮ್ಮ ಸರ್‌ಗೆ ಮಕ್ಕಳದಾರೇನು?" ಎಂದೆ. ಇಮ್ರಾನನಿಗೆ ಇನ್ನೂ ಮದುವೆಯೇ ಆಗಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಅಲ್ಲಿಗೆ ವಾದ ಮುಗಿಯಿತು. ಗೆರೆಗಿಂತ ಎರಡು ಅಳತೆ ದೊಡ್ಡದನ್ನು ತರಿಸಿದೆವು.

ಬಂದ ಬೂಟನ್ನು ನೋಡಿ ನನಗೆ ಹೆದರಿಕೆಯೇ ಆಯಿತು. ಒಂದೊಂದೂ ರುಬ್ಬುಗುಂಡಿನಷ್ಟು ಭಾರ, ಮೀನಖಂಡದ ಅರ್ಧಕ್ಕೆ ಬರುವ ಎತ್ತರ, ಟ್ರಂಕಿಗೆ ಇರುವಂಥ ಕೊಂಡಿಗಳು ಸಾಲಾಗಿ ನಾಲ್ಕು. ಅತ್ತೆ ಎರಡಕ್ಕೂ ಅರಿಸಿನ ಕುಂಕುಮ ಹಚ್ಚಿದರು. ನೀಲಾ ಎರಡು ಜೊತೆ ಕಾಲುಚೀಲ ಹಾಕಿ, ತುದಿಗೆ ಹತ್ತಿ ತುರುಕಿ, ಕೊಂಡಿಗಳನ್ನೆಲ್ಲ ಕೊನೆಯ ಹಲ್ಲಿನವರೆಗೆ ಎಳೆದು ನಿಂತಳು. ಅವಳು ಕೂಗಾಡಿದರೆ ನನಗೆ ಚಿಂತೆಯಿಲ್ಲ. ಅಂದು ರಾತ್ರಿ ರೊಟ್ಟಿಗೆ ಶೇಂಗಾ ಚಟ್ನಿಯನ್ನೂ ಕೇಳದೆ ಉಂಡೆದ್ದಳು, ಅದು ನನಗೆ ಸರಿ ಕಾಣಲಿಲ್ಲ.

ಮುಂದಿನ ರವಿವಾರ ಇಮ್ರಾನ್ ಸರ್ ಹಲಗೆ ಹಿಡಿದುಕೊಂಡು ಮಿಲ್ಲಿಗೆ ಬಂದ. ಹೊಟ್ಟಿನ ಮೇಲೆ ಇದು ಅಷ್ಟು ಛಲೋ ಜಾರುವುದಿಲ್ಲ, ಆದರೂ ನಿಲ್ಲುವ ಭಂಗಿ ನೋಡಬಹುದು ಎಂದ. ನಾವೆಲ್ಲ ಗುಡ್ಡೆಯ ಬುಡದಲ್ಲಿ ನಿಂತೆವು. ನೀಲಾ ಮೇಲೆ ಹತ್ತಿ, ಬೂಟನ್ನು ಹಲಗೆಗೆ ಸಿಕ್ಕಿಸಿಕೊಂಡು ಹೊರಟಳು. ನೇರ ಬರುವಷ್ಟು ದೂರ ಬಂದಳು. ತಿರುಗಬೇಕೆಂದು ಮೈ ಓರೆ ಮಾಡಿದಳು, ಅವಳು ತಿರುಗಿದಳು, ಹಲಗೆ ತಿರುಗಲಿಲ್ಲ. ಮುಖ ಅಡಿಯಾಗಿ ಹೊಟ್ಟಿನಲ್ಲಿ ಹೂತುಹೋದಳು. ಎದ್ದು ಹತ್ತಿದಳು. ಮತ್ತೆ ಹಾಗೆಯೇ. ಇನ್ನೊಮ್ಮೆ ಹತ್ತಿದವಳು ಇಳಿಯಲೇ ಇಲ್ಲ. ಮೇಲೆ ಕೂತು ನಮಗೆ ಬೆನ್ನು ಹಾಕಿ, ಆಚೆಯ ಕಾಲುವೆಯ ಕಡೆಗೆ ಮುಖ ಮಾಡಿದಳು.

ಇಮ್ರಾನ್ ಸರ್ ಹತ್ತಿ ಹೋಗಿ, ಬೂಟಿನ ಹಿಂಬದಿಯಲ್ಲಿ ಕೈ ಇಳಿಸಿ ನೋಡಿದ. ಮೇಲಿಂದಲೇ ನನಗೆ ಹೇಳಿದ: "ಅಕ್ಕಾರ, ಇದರಾಗ ಇನ್ನೊಬ್ರು ಬಾಡಿಗಿಗೆ ಇರಬಹುದ್ರಿ."

ಮಿಲ್ಲಿನ ಹಮಾಲರೆಲ್ಲ ನಕ್ಕರು. ನಮ್ಮ ಮನೆಯವರೂ ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ನಾನು ಏದುಸಿರು ಬಿಡುತ್ತ ಗುಡ್ಡೆ ಹತ್ತಿದೆ. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಇಮ್ರಾನ್ ಸರ್ ತಿಳಿಸಿ ಹೇಳಿದ. ಈ ಆಟದಲ್ಲಿ ಹಿಮ್ಮಡಿ ಎಳ್ಳಷ್ಟು ಎದ್ದರೂ ಕಾಲು ಹೇಳಿದ್ದು ಹಲಗೆಗೆ ಮುಟ್ಟುವುದಿಲ್ಲ. ಅಲ್ಲದೆ ಹಲಗೆ ಸಪೂರ, ಬೂಟು ಉದ್ದವಾದರೆ ತುದಿ ಆಚೆ ಚಾಚಿ, ಓರೆಯಾದಾಗ ಹಿಮಕ್ಕೆ ತಾಗಿ ಎತ್ತಿ ಒಗೆಯುತ್ತದೆ. ಹೊಟ್ಟಾದರೆ ಬರೀ ಕಡಿತ, ಅಲ್ಲಿ ಬಿದ್ದರೆ ಎಲುಬೇ ಮುರಿಯುತ್ತದೆ. ಹೀಗೇ ಕರೆದೊಯ್ಯುವುದಾದರೆ ರೇಸಿನ ಗುಂಪಿನ ಮಾತು ಬಿಡಬೇಕು ಎಂದ.

ನೀಲಾಳ ರೆಪ್ಪೆಯ ಮೇಲೂ ಹೊಟ್ಟು ಕೂತಿತ್ತು. ಒರೆಸಲು ಹೋದೆ, ಮುಖ ಸರಿಸಿದಳು. "ಅವ್ವಾ, ನೀ ಬೂಟು ತಂದಿದ್ದು ಮುಂದಿನ ವರ್ಷದ ನೀಲಾಗ. ಈ ವರ್ಷ ಹೋಗಾಕಿ ನಾನದೀನಿ."

ಅಂಗನವಾಡಿಯಲ್ಲಿ ತಾಯಂದಿರಿಗೆ ಭಾಷಣ ಮಾಡಿ ರೂಢಿಯಿರುವ ನಾನು ಹೊಟ್ಟಿನಲ್ಲೇ ಅವಳ ಕಾಲ ಬಳಿ ಕೂತೆ. ಬೂಟಿನ ಕೊಂಡಿ ಬಿಚ್ಚಿಕೊಟ್ಟೆ. ಒಳಗಿನ ಹತ್ತಿ ಉಂಡೆಯಾಗಿ ಹೊರಬಂತು.

ಆ ಬೂಟನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅರಿಸಿನ ಕುಂಕುಮ ಹಚ್ಚಿ, ಹೊಟ್ಟು ತುಂಬಿದ ಬೂಟನ್ನು ಯಾರು ತಾನೆ ತೆಗೆದುಕೊಂಡಾರು? ಹೊಸದು ಬರಲು ದಿನ ಸಾಲದು. ಇಮ್ರಾನ್ ಸರ್ ಅಲ್ಲಿಯ ಗೆಳೆಯರಿಗೆಲ್ಲ ಫೋನು ಹಚ್ಚಿ, ಕಾಲು ಬೆಳೆದು ಬೂಟು ಸಣ್ಣದಾದ ಒಬ್ಬ ಹುಡುಗಿಯನ್ನು ಹುಡುಕಿದ. ಅಳತೆ ನೀಲಾಳ ಗೆರೆಗೆ ಸರಿ. ಬೆಳೆಯುವ ಮಕ್ಕಳಿಗೆ ಅಲ್ಲಿ ಎಲ್ಲರೂ ಹೀಗೇ ಮಾಡುತ್ತಾರಂತೆ, ಒಬ್ಬರ ಕಾಲು ಬಿಟ್ಟಿದ್ದು ಇನ್ನೊಬ್ಬರ ಕಾಲಿಗೆ. ಬದಲಿಗೆ ಏನು ಕಳಿಸೋಣ ಎಂದರೆ, ನಿಮ್ಮ ಸೋನಾ ಮಸೂರಿ ಒಂದು ಚೀಲ ಕಳಿಸಿರಿ ಎಂದರಂತೆ ಆ ಹುಡುಗಿಯ ಮನೆಯವರು. ಚೀಲ ಹೋಯಿತು, ಬೂಟು ಬಂತು.

ಮೈಯೆಲ್ಲ ಗೀರು ಬಿದ್ದ ಆ ಬೂಟನ್ನು ನಮ್ಮತ್ತೆ ಹೊಸ್ತಿಲು ದಾಟಗೊಡಲಿಲ್ಲ. "ಮಂದಿ ಕಾಲಾಗಿಂದು ಹಾಕ್ಕೊಂಡ್ರ ಅವರ ಶನಿ ನಮಗ ಹತ್ತತಾನ" ಎಂದು ಬಾಗಿಲಿಗೆ ಅಡ್ಡ ಕೂತರು. ಅತ್ತೆ ಅಡ್ಡ ಕೂತರೆ ಅವರನ್ನು ಎಬ್ಬಿಸಿದವರು ನಮ್ಮ ಮನೆಯಲ್ಲಿ ಈವರೆಗೆ ಇಲ್ಲ. ನೀಲಾ ಅಜ್ಜಿಯ ಪಕ್ಕ ಕೂತಳು.

"ಆಯಿ, ಈ ಬೂಟು ಹಾಕ್ಕೊಂಡ ಹುಡುಗಿ ರೇಸಿನಾಗ ಎರಡನೇ ನಂಬರ್ ಬಂದಾಳಂತ. ಶನಿ ಹತ್ತೋದಾದ್ರ ಅದೂ ಹತ್ತಬೇಕಲ್ಲ?"

"ಎರಡನೇದ್ದು ಯಾಕ? ಮೊದಲನೇ ನಂಬರ್ ಬಂದಾಕಿದು ಸಿಗಲಿಲ್ಲೇನು?" ಎಂದು ಕೇಳುತ್ತಲೇ ಅತ್ತೆ ಎದ್ದು ಅರಿಸಿನದ ನೀರು ತಂದು ಬೂಟನ್ನು ತೊಳೆದರು.

ಅದೇ ಸಂಜೆ ನೀಲಾ ಗುಡ್ಡೆ ಹತ್ತಿದಳು. ಒಂದೇ ಜೊತೆ ತೆಳ್ಳನೆಯ ಕಾಲುಚೀಲ. ಬೆರಳು ಮುಂದೆ ತಾಗೀತೋ ಇಲ್ಲವೋ ಎಂಬಷ್ಟು ತಾಗುತ್ತಿತ್ತಂತೆ. ಈ ಸಲ ಅವಳು ಓರೆಯಾದಾಗ ಹಲಗೆಯೂ ಓರೆಯಾಯಿತು. ಹೊಟ್ಟು ಬೀಸಣಿಗೆಯ ಹಾಗೆ ಎದ್ದು ನನ್ನ ಸೀರೆಯ ಮೇಲೆಲ್ಲ ಬಿತ್ತು. ನಾನು ಕೊಡವಿಕೊಳ್ಳಲಿಲ್ಲ.

ಶಿಬಿರಕ್ಕೆ ಹೋದಳು. ಆ ದಿನಗಳಲ್ಲಿ ಫೋನು ಬಡಿದುಕೊಂಡಾಗಲೆಲ್ಲ ನಾನು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡುತ್ತಿದ್ದೆ. ಕೊನೆಗೊಂದು ಸಂಜೆ ಅವಳೇ ಮಾತಾಡಿದಳು. ಮೊದಲು ಊಟದ ಬಗ್ಗೆ ದೂರಿದಳು, ಆಮೇಲೆ ಹಿಮ ಹೊಟ್ಟಿನಂತೆ ಕಡಿಯುವುದಿಲ್ಲ ಎಂದಳು. ನಾನು ತಡೆಯಲಾರದೆ ಗುಂಪಿನ ವಿಷಯ ಕೇಳಿದೆ. "ತೊಗೊಂಡ್ರವ್ವಾ. ಬೂಟು ಸ್ವಲ್ಪ ಕಚ್ಚತಾವ, ಆದ್ರ ಹಲಗಿ ನನ್ನ ಮಾತು ಕೇಳತೈತಿ" ಎಂದಳು. ಈ ಮನೆಯಲ್ಲಿ ಯಾರೂ ಕೇಳದ ಅವಳ ಮಾತನ್ನು ಕೇಳುವುದು ಒಂದಾದರೂ ಇದೆಯಲ್ಲ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮನೆ ಖಾಲಿಯಿತ್ತು. ಅಟ್ಟದ ಮೇಲಿನ ದೊಡ್ಡ ಬೂಟಿನಲ್ಲಿ ಇಲಿ ಮರಿ ಹಾಕೀತು ಎಂದು ಇಳಿಸಿ ಬಿಸಿಲಿಗೆ ಇಟ್ಟೆ. ಯಾಕೆ ಅನ್ನಿಸಿತೋ, ಒಂದು ಕಾಲನ್ನು ಒಳಗೆ ಇಳಿಸಿದೆ. ಹಿಮ್ಮಡಿ ಹೋಗಿ ಗಟ್ಟಿಯಾಗಿ ಕೂತಿತು. ಹೆಬ್ಬೆರಳು ತಾಗೀತೋ ಇಲ್ಲವೋ ಎಂಬಷ್ಟು ತಾಗಿತು. ಇನ್ನೊಂದನ್ನೂ ಹಾಕಿ, ಕೊಂಡಿ ಬಿಗಿದು, ಮೊಣಕಾಲು ಬಗ್ಗಿಸಿ ಅಡ್ಡ ನಿಂತೆ. ಇಮ್ರಾನ್ ಸರ್ ಕಂಡಿದ್ದರೆ ಒಪ್ಪುತ್ತಿದ್ದ, ಅಷ್ಟು ಕರಾರುವಾಕ್ಕಾದ ಅಳತೆ. ಮಗಳು ಎಲ್ಲಿಯವರೆಗೆ ಬೆಳೆಯಬಹುದು ಎಂದು ಲೆಕ್ಕ ಹಾಕುವಾಗ ನಾನು ನನ್ನ ಕಾಲಿನವರೆಗೆ ಬಂದು ನಿಲ್ಲಿಸಿದ್ದೆ. ಎತ್ತರದಲ್ಲಿ ಅವಳು ಆಗಲೇ ನನ್ನ ಕಿವಿ ದಾಟಿದ್ದಾಳೆ.

ಅಷ್ಟರಲ್ಲಿ ಗುಡಿಗೆ ಹೋಗಿದ್ದ ಅತ್ತೆ ಬಂದರು. ಅಂಗಳದ ನಡುವೆ ಸೀರೆ ಮೇಲೆತ್ತಿ ಬೂಟು ಹಾಕಿ ಬಗ್ಗಿ ನಿಂತ ಸೊಸೆಯನ್ನು ಕಂಡು ಗಾಬರಿಯಾಗಲಿಲ್ಲ. ಹತ್ತಿರ ಬಂದು, ಮಕ್ಕಳ ಬೂಟು ನೋಡುವ ಹಾಗೆ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಸರಿ ಆಗ್ಯಾವಲ್ಲ" ಎಂದರು. "ಇಟ್ಕೊ. ನೀನರ ಇನ್ನ ಬೆಳಿಯಂಗಿಲ್ಲ."