ಕರಡಿಬೆನ್ನಿಗೆ ಹಿಮ ಬಿದ್ದದ್ದು

ಹನೂರು ತಾಲ್ಲೂಕಿನ ಕರಡಿಬೆನ್ನು ಗುಡ್ಡದ ಮೇಲೆ ವರ್ಷವಿಡೀ ಹಿಮ ಇರುತ್ತದೆ. ದೇಶದಲ್ಲಿ ನೋಡಲೇಬೇಕಾದ ಪ್ರಕೃತಿ ತಾಣಗಳ ಪಟ್ಟಿಯಲ್ಲಿ ಇದು ದಾಖಲಾಗಿರುವುದರಿಂದ ಈ ಬಗ್ಗೆ ಚರ್ಚೆಗೆ ಅವಕಾಶವಿಲ್ಲ. ಗುಡ್ಡದ ಬುಡದಲ್ಲಿರುವ ಸೋಲಿಗರ ಪೋಡಿನ, ಎಂದರೆ ಹಾಡಿಯ, ಜನ ಹುಟ್ಟಿದಂದಿನಿಂದ ಆ ಬಂಡೆಯನ್ನು ಕರ್ರಗೇ ಕಂಡವರು. ಅವರದೂ ಈಗ ತಕರಾರಿಲ್ಲ.

ಈ ಹಿಮಕ್ಕೆ ಕಾರಣಳಾದವಳು ಪಂಚಾಯ್ತಿ ಅಧ್ಯಕ್ಷೆ ಮಹದೇವಿ. ಅದೇ ಪೋಡಿನವಳು. ಅವಳಿಗೆ ಹಿಮ ಬೇಕಿರಲಿಲ್ಲ, ಬಸ್ಸು ಬೇಕಿತ್ತು. ಪೋಡಿನ ಹೆಣ್ಣುಮಕ್ಕಳು ಏಳನೇ ಕ್ಲಾಸಿಗೇ ಶಾಲೆ ಬಿಡುತ್ತಿದ್ದರು, ಮುಂದಿನ ಶಾಲೆ ಕಾಡುದಾರಿಯ ಆ ತುದಿಯಲ್ಲಿತ್ತು. ಅವಳ ತಾಯಿ ಕೇತಮ್ಮ ಜಾರಿಬಿದ್ದು ಕಾಲು ಮುರಿದುಕೊಂಡಾಗ ಕಂಬಳಿಯಲ್ಲಿ ಜೋಲಿ ಕಟ್ಟಿ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಕೇತಮ್ಮ ದಾರಿಯುದ್ದಕ್ಕೂ ಹೊತ್ತವರನ್ನು ಬೈಯುತ್ತಲೇ ಹೋಗಿ ಹನೂರು ತಲುಪಿದ್ದಳು. ಮಹದೇವಿ ರಸ್ತೆ ಕೇಳಿದಲ್ಲೆಲ್ಲ ಒಂದೇ ಉತ್ತರ ಬಂತು: ಜನಸಂಖ್ಯೆ ಸಾಲದು.

ಅಷ್ಟರಲ್ಲಿ ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ‘ಸಂದರ್ಶನಯೋಗ್ಯ ಭೂದೃಶ್ಯ ಮಂಡಳಿ’ ಎಂಬ ಕಚೇರಿ ಶುರುವಾಯಿತು. ಜನ ಇರುವ ಜಾಗಕ್ಕೆ ರಸ್ತೆ ಕೊಡುವುದು ಮಂಡಳಿಯ ಕೆಲಸವಲ್ಲ. ಜನ ನೋಡಲು ಬರುವ ಜಾಗಕ್ಕೆ ರಸ್ತೆಯನ್ನೂ ಬಸ್ಸನ್ನೂ ಕೊಡಬೇಕೆಂದು ಅದರ ನಿಯಮದಲ್ಲೇ ಇತ್ತು. ಮಹದೇವಿ ಕರಡಿಬೆನ್ನಿನ ಫೋಟೋ ತೆಗೆಸಿ ಅರ್ಜಿ ಕೊಟ್ಟಳು. ಬಿದಿರುಮೆಳೆಗಳ ನಡುವೆ ಮಲಗಿದ ಕರಡಿಯ ಹಾಗೆ ಕಾಣುವ ಕರೀಬಂಡೆ, ಕಾಡಿನ ಗಡಿಯಿಂದ ಈಚೆಗಿದ್ದುದರಿಂದ ಯಾರ ಅಡ್ಡಿಯೂ ಇರಲಿಲ್ಲ. ಅರ್ಜಿ ದೆಹಲಿಗೆ ಹೋಗಿ ಮಂಜೂರಾಗಿ ಬಂತು. ಬರುವಾಗ ಅದರಲ್ಲಿದ್ದ ಫೋಟೋ ಮಾತ್ರ ಬೇರೆಯದಾಗಿತ್ತು.

ಮಂಡಳಿಯ ಅಧಿಕಾರಿ ಶಿವರುದ್ರಸ್ವಾಮಿ ಯಳಂದೂರಿನವರು, ಸಾಧು ಮನುಷ್ಯ. ಅವರು ಮಹದೇವಿಯನ್ನು ಕರೆಸಿ ಫೋಟೋ ತೋರಿಸಿದರು. ಅದರಲ್ಲಿ ಆಕಾಶಕ್ಕೆ ಚುಚ್ಚಿಕೊಂಡಂತೆ ನಿಂತ ಬಿಳಿ ಬೆಟ್ಟವಿತ್ತು.

“ಇದು ನಮ್ಮ ಗುಡ್ಡ ಅಲ್ಲ ಸಾ,” ಅಂದಳು ಮಹದೇವಿ.

“ಕೆಳಗೆ ನಿಮ್ಮ ಗುಡ್ಡದ ಹೆಸರೇ ಇದೆಯಲ್ಲ ಅಧ್ಯಕ್ಷರೇ.”

“ಎಸ್ರು ನಮ್ದೇಯ. ಬೆಟ್ಟ ಇನ್ಯಾರ್ದೋ. ಫೋಟೋ ಬದಲಾಯಿಸ್ಬುಡಿ.”

ಶಿವರುದ್ರಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. “ಬದಲಾಯಿಸಬೇಕಾದರೆ ತಪ್ಪಾಗಿದೆ ಅಂತ ಬರೆಯಬೇಕು. ತಪ್ಪಾಗಿದೆ ಅಂದರೆ ಯಾರೋ ಮಾಡಿರಬೇಕು. ಯಾರೂ ಮಾಡಿಲ್ಲ. ಫೈಲು ತಿದ್ದುವುದು ಬಹಳ ಕಷ್ಟ ಅಧ್ಯಕ್ಷರೇ. ಬೆಟ್ಟವಾದರೆ ಇಲ್ಲೇ ಇದೆ.”

ಮಹದೇವಿಗೆ ಅವರ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಕೇಳಿದ್ದು ಒಂದೇ ಮಾತು: “ಬಸ್ಸು ಬತ್ತದಾ ಸಾ?”

“ಹಿಮ ಇದ್ದರೆ ಖಂಡಿತ ಬರುತ್ತದೆ.”

ಹೀಗೆ ‘ಹಿಮಲೇಪನ ಕಾಮಗಾರಿ’ ಆರಂಭವಾಯಿತು. ಲಾರಿಗಟ್ಟಲೆ ಸುಣ್ಣ ಬಂದು ಕಾಡುದಾರಿ ಮೊದಲಾಗುವಲ್ಲಿ ಇಳಿಯಿತು. ಪೋಡಿನವರೇ ಅದನ್ನು ಹೊತ್ತು ತಂದು, ನೀರಲ್ಲಿ ಕಲಸಿ, ಜೇನು ಇಳಿಸುವ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಬಂಡೆಗೆ ಬಳಿದರು. ಮಹದೇವಿಯ ಸೋದರಮಾವ ಕೇತಯ್ಯ ಕೆಳಗೆ ಕೂತು ಬೀಡಿ ಸೇದುತ್ತ ಒಂದು ದಿನವೆಲ್ಲ ನೋಡಿದ.

“ಕೂಸೇ, ಆ ಎಡಗಡೆ ಪಕ್ಕೆ ಹಂಗೇ ಬುಟ್ಟವ್ರೆ.”

“ಅಲ್ಲಿ ಬಿಸಿಲು ಜಾಸ್ತಿ ಕಣ್ ಮಾವ. ಹಿಮ ಕರಗ್ತದೆ ಅಂತ ಸಾಹೇಬ್ರು ಹೇಳವ್ರೆ.”

“ಓ,” ಅಂದ ಕೇತಯ್ಯ. “ಸರಿಯಾಗೇ ಹೇಳವ್ರೆ.”

ಗುಡ್ಡ ಫೋಟೋಗೆ ಹೊಂದುತ್ತದೆಯೇ ಎಂದು ನೋಡಲು ದೆಹಲಿಯವರು ಬರುವ ತಪಾಸಣೆಯ ವಾರ ಮಂಡಳಿಯಿಂದ ಸುತ್ತೋಲೆ ಬಂತು. ಪಂಚಾಯ್ತಿಯವರು ಆಟೋದಲ್ಲಿ ಮೈಕು ಕಟ್ಟಿಕೊಂಡು, ಆಟೋ ಹೋಗುವಷ್ಟು ದೂರ ಅದನ್ನು ಸಾರಿದರು. “ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ತಪಾಸಣೆಯ ದಿನ ಹಿಮಪ್ರದೇಶದ ವ್ಯಾಪ್ತಿಯಲ್ಲಿ ಯಾರೂ ಬಹಿರಂಗವಾಗಿ ಬೆವರತಕ್ಕದ್ದಲ್ಲ. ಅನಿವಾರ್ಯವಾಗಿ ಬೆವರಬೇಕಾದವರು ಮನೆಯೊಳಗೆ ಹೋಗಿ ಬೆವರತಕ್ಕದ್ದು. ಮಜ್ಜಿಗೆ, ಎಳನೀರು ಮತ್ತು ಕಲ್ಲಂಗಡಿ ಹಣ್ಣನ್ನು ಅತಿಥಿಗಳ ಕಣ್ಣಿಗೆ ಬೀಳದಂತೆ ಸೇವಿಸತಕ್ಕದ್ದು.” ಬೇಸಿಗೆಯ ನಡುಮಧ್ಯ. ಜನ ಸಹಕರಿಸಿದರು.

ದೆಹಲಿಯಿಂದ ಬಂದವರು ನೇಗಿ ಎಂಬ ಹಿರಿಯ ಅಧಿಕಾರಿ. ಮಿತಭಾಷಿ. ಕಾಡುದಾರಿಯಲ್ಲಿ ನಡೆದು ಬಂದದ್ದರಿಂದ ಅವರೇ ಬೆವರಿದ್ದರು, ಆದರೆ ಸುತ್ತೋಲೆ ಅವರಿಗೆ ಅನ್ವಯಿಸುತ್ತಿರಲಿಲ್ಲ. ಪೋಡಿನ ಮುಂದೆ ಕುರ್ಚಿ ಹಾಕಿದ್ದರು. ನೇಗಿ ಕೂತು, ಫೋಟೋವನ್ನು ಒಮ್ಮೆ, ಗುಡ್ಡವನ್ನು ಒಮ್ಮೆ ನೋಡತೊಡಗಿದರು. ಅದೇ ಹೊತ್ತಿಗೆ ಪಡುವಲಿಂದ ಮೋಡ ಕವಿದು ಬಂದು, ಬೇಸಿಗೆಯ ಮಳೆ ದಬದಬನೆ ಸುರಿಯಿತು.

ಎಲ್ಲರೂ ಕೇತಮ್ಮನ ಮನೆಯ ಜಗುಲಿಗೆ ಓಡಿದರು. ಕಣ್ಣೆದುರಿಗೇ ಕರಡಿಬೆನ್ನಿನಿಂದ ಹಾಲಿನಂಥ ನೀರು ಹಳ್ಳವಾಗಿ ಇಳಿಯಿತು. ಹಳ್ಳದಲ್ಲಿ ಮಲಗಿದ್ದ ಎಮ್ಮೆಯೊಂದು ಬೆಳ್ಳಗಾಗಿ ಎದ್ದುಬಂದು, ನೇಗಿಯವರನ್ನು ದಿಟ್ಟಿಸಿ ನೋಡಿ, ಮೈ ಕೊಡವಿ ಹೋಯಿತು. ಬಂಡೆ ಅಲ್ಲಲ್ಲಿ ಕರ್ರಗೆ ಕಾಣತೊಡಗಿತು. ಶಿವರುದ್ರಸ್ವಾಮಿ ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದರು.

“ಹಿಮ ಕರಗುತ್ತಿದೆ,” ಅಂದರು ನೇಗಿ ಹಿಂದಿಯಲ್ಲಿ. ಆಮೇಲೆ ಫೋಟೋದ ಒಂದು ಮೂಲೆಯ ಮೇಲೆ ಬೆರಳಿಟ್ಟರು. “ಈ ತಗಡಿನ ಸೂರು ಕಾಣುತ್ತದಲ್ಲ, ಇದು ನಮ್ಮಣ್ಣನ ಮನೆ. ಇದು ನಮ್ಮೂರಿನ ಬೆಟ್ಟ.”

“ಏನಂತೆ ಸಾ?” ಅಂತ ಮಹದೇವಿ ಪಿಸುಗುಟ್ಟಿದಳು.

“ಸಾಹೇಬರಿಗೆ ಫೋಟೋ ಬಹಳ ಹಿಡಿಸಿದೆಯಂತೆ,” ಅಂದರು ಶಿವರುದ್ರಸ್ವಾಮಿ.

ಮಹದೇವಿಗೆ ಹಿಂದಿ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. “ನಿಜ ಹೇಳಿ ಸಾ.” ಅವರು ಹೇಳಿದರು. ಮಹದೇವಿಗೆ ಬಸ್ಸು ಆ ಹಾಲಿನ ಹಳ್ಳದಲ್ಲೇ ಕೊಚ್ಚಿಕೊಂಡು ಹೋದ ಹಾಗೆ ಅನ್ನಿಸಿತು. ಆದರೂ ಅವಳು ನೇಗಿಯವರ ಎದುರಿಗೆ ನಿಂತು, “ಹಂಗಾರೆ ನಮ್ಮ ಗುಡ್ಡದ ಫೋಟೋ ಎಲ್ಲೋಯ್ತು ಅಂತ ಕೇಳಿ,” ಅಂದಳು.

ಶಿವರುದ್ರಸ್ವಾಮಿ ಕೇಳಿದರು, ಉತ್ತರವನ್ನೂ ಕನ್ನಡಕ್ಕೆ ತಿರುಗಿಸುತ್ತ ಹೋದರು. ನೇಗಿ ಮಳೆಯನ್ನೇ ನೋಡುತ್ತ ಉತ್ತರ ಹೇಳಿದರು. “ನಮ್ಮೂರಿಗೆ ಬಂತು. ಕರೀಬಂಡೆ, ಸುತ್ತ ಬಿದಿರು. ಹೋದ ತಿಂಗಳು ನಮ್ಮಣ್ಣ ಮತ್ತು ಊರವರೆಲ್ಲ ಸೇರಿ ಹಿಮ ಎಳೆದುಹಾಕಿ ಬೆಟ್ಟಕ್ಕೆ ಟಾರು ಬಳಿದರು. ಬಿದಿರು ನೆಟ್ಟರು. ಚಳಿಗೆ ಸತ್ತವು. ಮತ್ತೆ ನೆಟ್ಟರು.”

“ಪಾಸಾಯ್ತಾ?” ಅಂದಳು ಮಹದೇವಿ.

“ಆಯಿತು. ನಾನೇ ಪಾಸು ಮಾಡಿದೆ. ಫೈಲಿಗೆ ಸರಿಯಾಗಿ ಹೊಂದುತ್ತಿತ್ತು.” ನೇಗಿ ಜೇಬಿನಿಂದ ಪೆನ್ನು ತೆಗೆದರು. “ಇದೂ ಹೊಂದುತ್ತದೆ. ಕರಗುವುದು ಹಿಮದ ಲಕ್ಷಣ. ಕರಗದಿದ್ದರೆ ನನಗೆ ಅನುಮಾನ ಬರುತ್ತಿತ್ತು.”

ಕೇತಮ್ಮ ಒಳಗಿನಿಂದ ರಾಗಿಮುದ್ದೆ, ಉಪ್ಸಾರು ತಂದಿಟ್ಟಳು. ನೇಗಿ ನೆಲಕ್ಕೆ ಕೂತು ಉಂಡರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದಿತೋ, ಬೇರೆ ಕಾರಣವಿತ್ತೋ, ಯಾರೂ ಕೇಳಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ರಸ್ತೆಯಾಯಿತು. ಆಯುಧಪೂಜೆಯ ದಿನ ಮಂಡಳಿಯ ಬಸ್ಸು ಪೋಡಿಗೆ ಬಂತು. ಕೇತಮ್ಮ ಕಿಟಕಿ ಪಕ್ಕ ಕೂತು ಹನೂರಿಗೆ ಹೋಗಿ, ಆಸ್ಪತ್ರೆಯಲ್ಲಿ ಏನೂ ಕೆಲಸವಿಲ್ಲದಿದ್ದರೂ ಅದರ ಮುಂದೆ ಓಡಾಡಿ ಬಂದಳು. ಶಾಲೆ ಬಿಟ್ಟಿದ್ದ ಹುಡುಗಿಯರು ಮತ್ತೆ ಯೂನಿಫಾರಂ ಹೊಲಿಸಿಕೊಂಡರು.

ಕಾರ್ತಿಕ ಕಾಲಿಟ್ಟಿತು. ಬಸ್ಸಿನ ಗಾಜಿಗೆ ಪ್ರಕಟಣೆ ಅಂಟಿಸಿದ್ದರು: ಹಿಮಪ್ರದೇಶದ ಮಾರ್ಗಗಳಲ್ಲಿ ಚಳಿಗಾಲದ ಹಿಮಪಾತದ ಕಾರಣ, ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ, ಶಿವರಾತ್ರಿಯವರೆಗೆ ಬಸ್ ಸಂಚಾರ ಇರುವುದಿಲ್ಲ.

ಮಹದೇವಿ ಬಿಸಿಲಲ್ಲಿ ನಡೆದು, ಹನೂರಲ್ಲಿ ಬಸ್ಸು ಹಿಡಿದು ಕೊಳ್ಳೇಗಾಲದ ಮಹಡಿ ಹತ್ತಿದಳು. ಶಿವರುದ್ರಸ್ವಾಮಿಗೂ ಬೇಜಾರಾಗಿತ್ತು. “ಜನರ ಪ್ರಾಣ ಮುಖ್ಯ ಅಧ್ಯಕ್ಷರೇ. ಹಿಮದಲ್ಲಿ ಬಸ್ಸು ಜಾರಿದರೆ ಹೊಣೆ ಯಾರು?”

ಮಹದೇವಿಯ ನಾಲಿಗೆ ತುದಿಗೆ ಒಂದು ಮಾತು ಬಂತು. ಹಿಮವೇ ಇಲ್ಲ ಅಂದುಬಿಟ್ಟರೆ ರಸ್ತೆಯೂ ಇಲ್ಲ, ಬಸ್ಸೂ ಇಲ್ಲ, ಶಿವರಾತ್ರಿ ಕಳೆದರೂ ಬರುವುದಿಲ್ಲ. ಬಿಸಿಲಿಗೆ ಉರಿಯುತ್ತಿದ್ದ ಮುಖವನ್ನು ಸೆರಗಿನಿಂದ ಒರೆಸಿಕೊಂಡು, ಆ ಮಾತನ್ನು ನುಂಗಿದಳು.

“ಬಿದ್ದದೆ ಸಾ. ಈ ವರ್ಸ ಮಂಡಿಗಂಟ ಬಿದ್ದದೆ. ಅದ್ಕೇ ಬಂದೆ. ಹಿಮ ತೆಗ್ಯೋದು ಯಾರ ಕೆಲ್ಸ?”

ಶಿವರುದ್ರಸ್ವಾಮಿ ನಿಯಮಾವಳಿ ತೆರೆದು ಓದುತ್ತ ಹೋದರು. ಅವರ ಮುಖ ನಿಧಾನವಾಗಿ ಅರಳಿತು. ಅದು ಮಂಡಳಿಯದೇ ಕೆಲಸವಾಗಿತ್ತು. ನೇಗಿಯವರ ಊರಿನಲ್ಲಿ ಈಗ ಹಿಮವಿಲ್ಲವೆಂದು ದಾಖಲಾಗಿದ್ದರಿಂದ ಅಲ್ಲಿನ ಹಿಮ ತೆರವು ಯಂತ್ರ ಸುಮ್ಮನೆ ನಿಂತಿತ್ತು. ಅದನ್ನು ತರಿಸಿಕೊಳ್ಳಬಹುದಿತ್ತು.

“ಹಂಗಾರೆ ಅವ್ರ ಅಣ್ಣ ಏನ್ ಮಾಡ್ತಾರೆ ಸಾ?”

“ಬಿದಿರು ಇದೆಯೆಂದು ದಾಖಲಾದ್ದರಿಂದ ಅವರ ಊರಿಗೆ ಆನೆ ಕಂದಕ ಮಂಜೂರಾಗಿದೆ. ತೋಡುತ್ತಿದ್ದಾರಂತೆ.”

ಯಂತ್ರ ದೊಡ್ಡ ಲಾರಿಯ ಮೇಲೆ ಬಂತು. ಮೂತಿಗೆ ಮನೆ ಬಾಗಿಲಿನಷ್ಟು ಅಗಲದ ಸಲಿಕೆ, ಹಿಂದೆ ಹಿಮ ತುಂಬುವ ತೊಟ್ಟಿ. ಓಡಿಸಲು ಮಾರ್ಟಳ್ಳಿಯ ರಾಣಿ ಎಂಬ ಹೆಂಗಸನ್ನು ಗೊತ್ತುಮಾಡಿದರು, ಅವಳಿಗೆ ಟ್ರಾಕ್ಟರ್ ಓಡಿಸಿ ಅಭ್ಯಾಸವಿತ್ತು. ಚಳಿಗಾಲ ಮುಗಿಯುವತನಕ ದಿನವೂ ಬೆಳಗ್ಗೆ ಪೋಡಿನಿಂದ ಹನೂರಿಗೆ, ಸಂಜೆ ಹನೂರಿನಿಂದ ಪೋಡಿಗೆ ರಸ್ತೆ ತೆರವು ಮಾಡಬೇಕೆಂದು ಆದೇಶವಾಯಿತು. ತೊಟ್ಟಿಯಲ್ಲಿ ಹುಡುಗಿಯರು ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಕೇತಮ್ಮನಿಗೆ ರಾಣಿಯ ಪಕ್ಕದ ಸೀಟು.

ಹನೂರಿನ ಟೀ ಅಂಗಡಿಯವರಿಗೂ ರೂಢಿಯಾಗಿದೆ. ಯಂತ್ರ ತಡವಾದರೆ, “ಮೇಲೆ ಜಾಸ್ತಿ ಬಿದ್ದಿರ್ಬೇಕು ಕಣ್ಲಾ,” ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹೋದ ವಾರ ಪಕ್ಕದ ಪೋಡಿನ ಜಡೇಸ್ವಾಮಿ ನಾಲ್ಕು ಜನರನ್ನು ಕಟ್ಟಿಕೊಂಡು ಕೊಳ್ಳೇಗಾಲದ ಕಚೇರಿಗೆ ಹೋಗಿ, ತಮ್ಮ ಕಡೆಯೂ ಅಷ್ಟೋ ಇಷ್ಟೋ ಹಿಮ ಬೀಳುವುದೆಂದು ಅರ್ಜಿ ಕೊಟ್ಟ. ಶಿವರುದ್ರಸ್ವಾಮಿ ಅವರನ್ನು ಕೂರಿಸಿ, ಟೀ ಕೊಡಿಸಿ, ಈ ಸಾಲಿನ ಹಿಮ ಹಂಚಿಕೆ ಮುಗಿದಿದೆ, ಮುಂದಿನ ಸಾಲಿನಲ್ಲಿ ನೋಡೋಣ ಅಂದರು. ನ್ಯಾಯವಾದ ಮಾತು ಅನ್ನಿಸಿ ಅವರು ಎದ್ದು ಬಂದರು.