ಸೋದರಮಾವ ಹಲಗೆ ಹತ್ತಿದ್ದು

ಒಂದು ಹಲಗೆಯನ್ನು ಬೋಳಾರದ ಅಕ್ಕನ ಮನೆಯಿಂದ ಉರ್ವದ ನನ್ನ ಮನೆಗೆ ಸಾಗಿಸುವುದು ಎಷ್ಟರ ಕೆಲಸ? ಅಕ್ಕ ಫೋನು ಮಾಡಿದಾಗ ನಾನು ಹಾಗೆಯೇ ಅಂದುಕೊಂಡೆ.

ಅಕ್ಕನ ಮಗಳು ಪ್ರಜ್ಞಾ ಹಲ್ಲಿನ ಡಾಕ್ಟರು. ವಾರವೆಲ್ಲ ಊರವರ ಹಲ್ಲು ಕೀಳುತ್ತಾಳೆ, ಭಾನುವಾರ ಲಾಂಗ್‌ಬೋರ್ಡಿನ ಮೇಲೆ ಕುಣಿಯುತ್ತಾಳೆ. ಅದು ಸ್ಕೇಟ್‌ಬೋರ್ಡಿನ ದೊಡ್ಡಣ್ಣ. ನನ್ನ ಎದೆಮಟ್ಟಕ್ಕೆ ಬರುವಷ್ಟು ಉದ್ದದ ಹಲಗೆ, ಅಡಿಯಲ್ಲಿ ನಾಲ್ಕು ಚಕ್ರ. ಅದು ಓಡುತ್ತಿರುವಾಗಲೇ ಮೇಲೆ ನಿಂತವರು ಕಾಲಿಗೆ ಕಾಲು ಅಡ್ಡ ಹಾಕಿ ಹಿಂದೆ ಮುಂದೆ ನಡೆಯಬೇಕು, ಗಿರ್ರನೆ ತಿರುಗಬೇಕು. ನಮ್ಮ ರಸ್ತೆಗಳಲ್ಲಿ ನೆಲದ ಮೇಲೆ ನಡೆಯುವುದೇ ಒಂದು ಸಾಹಸ. ಅದರ ಮೇಲೆ ಈ ಉಸಾಬರಿ ಬೇರೆ!

"ನಾಲ್ಕು ಗಂಟೆಗೆ ಗಂಡಿನ ಕಡೆಯವರು ಬರ್ತಾರೆ ಮಾರಾಯ," ಎಂದಳು ಅಕ್ಕ. "ತಾವಾಗಿಯೇ ಕೇಳಿಕೊಂಡು ಬಂದ ಸಂಬಂಧ. ಹುಡುಗಿ ಬೀದಿಯಲ್ಲಿ ಚಕ್ರದ ಮೇಲೆ ಕುಣಿಯುವವಳು ಅಂತ ಗೊತ್ತಾದ್ರೆ ಚಾ ಕುಡಿಯದೆ ಎದ್ದು ಹೋದಾರು. ನೀನು ಬಂದು ಅದನ್ನೊಮ್ಮೆ ನಿನ್ನ ಮನೆಗೆ ತೆಗೆದುಕೊಂಡು ಹೋಗು."

ಹೋದೆ. ಹಲಗೆ ಎತ್ತಿಕೊಂಡೆ. ಪ್ರಜ್ಞಾ ಬಾಗಿಲಿಗೆ ಅಡ್ಡ ನಿಂತಳು.

"ಮಾಮ, ಒಂದು ವಿಷಯ ಹೇಳ್ಲಿಕ್ಕುಂಟು."

"ಎಂತದ್ದೂ ಬೇಡ. ನಮ್ಮಲ್ಲಿ ಮದುವೆ ವಿಷಯಕ್ಕೆ ಸೋದರಮಾವನ ಮಾತೇ ಕೊನೆ," ಎಂದೆ.

ಅವಳು ಬಾಗಿಲು ಬಿಟ್ಟು ಸರಿದಳು. ನನ್ನ ಅಧಿಕಾರ ಕಂಡು ನನಗೇ ಹೆಮ್ಮೆಯಾಯಿತು.

ಫ್ಲಾಟಿನಿಂದ ಕೆಳಗೆ ಬಂದು ನೋಡಿದರೆ ಹಲಗೆ ನನ್ನ ಸ್ಕೂಟರಿಗೆ ಒಪ್ಪುವುದಿಲ್ಲ. ಅಡ್ಡ ಇಟ್ಟರೆ ಸ್ಕೂಟರಿಗೆ ರೆಕ್ಕೆ ಬಂದಂತಾಯಿತು, ನೆಟ್ಟಗೆ ನಿಲ್ಲಿಸಿದರೆ ನನ್ನ ಮೂಗಿಗೆ ಬಂತು. ರಸ್ತೆ ನೋಡದೆ ಗಾಡಿ ಓಡಿಸುವಷ್ಟು ಪಳಗಿದವನಲ್ಲ ನಾನು. ಅಷ್ಟರಲ್ಲಿ ನಾಲ್ಕು ಗಂಟೆ ಆಗುತ್ತ ಬಂದಿತ್ತು. ಸದ್ಯಕ್ಕೆ ಅಡಗಿಸಿದರೆ ಸಾಕೆಂದು, ಪಾರ್ಕಿಂಗಿನ ಮೇಲ್ತುದಿಯಲ್ಲಿ ನಿಂತಿದ್ದ ಒಂದು ಕಾರಿನ ಅಡಿಗೆ ತಳ್ಳಿದೆ.

ಅಲ್ಲಿಂದ ಗೇಟಿನವರೆಗೆ ಇಳಿಜಾರು. ಚಕ್ರ ಇರುವ ವಸ್ತುವನ್ನು ಇಳಿಜಾರಿನಲ್ಲಿ ಇಟ್ಟರೆ ಏನಾಗುತ್ತದೆಂದು ಪ್ರೈಮರಿ ಶಾಲೆಯಲ್ಲಿಯೇ ಕಲಿಸುತ್ತಾರೆ. ನಾನು ಆ ದಿನ ರಜೆ ಹಾಕಿರಬೇಕು.

ಹಲಗೆ ಕಾರಿನ ಅಡಿಯಿಂದ ಸದ್ದಿಲ್ಲದೆ ಹೊರಬಂದು ಗೇಟಿನ ಕಡೆಗೆ ಹೊರಟಿತು. ನಾನು ಓಡಿಹೋಗಿ, ನಿಲ್ಲಿಸಲೆಂದು ಅದರ ಮೇಲೆ ಒಂದು ಕಾಲಿಟ್ಟೆ. ಇನ್ನೊಂದು ಕಾಲು ಒಂಟಿಯಾಗಿರಲಾರದೆ ತಾನೂ ಹತ್ತಿತು. ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಆಗಲೇ ಗೇಟಿನೊಳಗೆ ಒಂದು ಬಿಳಿ ಕಾರು ಬಂದು ನಿಂತಿತು. ಗಂಡಿನ ಕಡೆಯವರನ್ನು ಎದುರುಗೊಳ್ಳುವ ಶಾಸ್ತ್ರವನ್ನು ನಾನು ಬಾನೆಟ್ಟನ್ನು ಅಪ್ಪಿಕೊಂಡು ನೆರವೇರಿಸಿದೆ.

ಕಾರಿನಿಂದ ಹುಡುಗನೂ ಅವನ ಅಜ್ಜಿಯೂ ಇಳಿದರು. ಸ್ವಾಗತಿಸಲು ಬಂದಿದ್ದ ಅಕ್ಕ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಳು.

"ಇವರು ಯಾರು?" ಅಜ್ಜಿ ಕೇಳಿದರು.

"ನನ್ನ ತಮ್ಮ," ಎಂದಳು ಅಕ್ಕ, ಬೇರೆ ದಾರಿಯಿಲ್ಲದೆ.

"ಹಲಗೆ ಯಾರದ್ದು?"

ಅಕ್ಕನ ಮುಖ ಬಿಳಿಚಿತು. ಪ್ರಜ್ಞಾಳ ಮದುವೆ ಈಗ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. "ನನ್ನದೇ," ಎಂದೆ. "ಮಂಡಿ ನೋವಿಗೆ ಡಾಕ್ಟರು ಹೇಳಿದ್ದು."

"ಹೌದಾ? ನನಗೂ ಮಂಡಿ ನೋವು ಉಂಟು," ಎಂದರು ಅಜ್ಜಿ. "ಒಮ್ಮೆ ಮಾಡಿ ತೋರಿಸಿ, ನೋಡುವ."

ಹುಡುಗ ಯಾಕೋ ಆಕಾಶ ನೋಡತೊಡಗಿದ. ನಾನು ಹಿಂದೊಮ್ಮೆ ಹುಲಿವೇಷ ಹಾಕಿ ಕುಣಿದವನು. ಆ ಧೈರ್ಯದಿಂದ ಹಲಗೆಯನ್ನು ಇಳಿಜಾರಿನ ಮೇಲಕ್ಕೆ ಒಯ್ದು ಹತ್ತಿ, ಬಲಗಾಲನ್ನು ಎಡಗಾಲಿನ ಮುಂದೆ ಅಡ್ಡ ಹಾಕಿದೆ. ಹಲಗೆ ಗೇಟಿನ ಕಡೆ ಹೋಯಿತು. ನಾನು ದಾಸವಾಳದ ಬೇಲಿಯ ಕಡೆ ಹೋದೆ. ಬಲಗೈಯಲ್ಲಿ ಲಟಕ್ಕೆಂದಿತು.

ಆಸ್ಪತ್ರೆಗೆ ಹುಡುಗನೇ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯಲ್ಲಿ ಮೆಲ್ಲನೆ ಹೇಳಿದ, "ಮಾಮ, ಅದು ಪ್ರಜ್ಞಾಳ ಬೋರ್ಡ್ ಅಂತ ನಮಗೆಲ್ಲ ಗೊತ್ತುಂಟು. ಉಳ್ಳಾಲದ ಬೀಚ್ ಹತ್ತಿರ ನಾನೂ ಆಡ್ತೇನೆ. ಪರಿಚಯ ಆದದ್ದೇ ಅಲ್ಲಿ. ಭಾನುವಾರ ಅಜ್ಜಿ ಕಾರಿನಲ್ಲಿ ಕೂತು ನೋಡ್ತಾರೆ. ಅವಳ ಡ್ಯಾನ್ಸ್ ನೋಡಿಯೇ ಅವರು ಈ ಹುಡುಗಿಯನ್ನು ಕೇಳುವ ಅಂತ ಹೇಳಿದ್ದು."

"ಹಾಗಾದ್ರೆ ನನ್ನನ್ನು ಯಾಕೆ ಹತ್ತಿಸಿದ್ದು?"

"ನೀವು ಎಲ್ಲಿಯವರೆಗೆ ಹೋಗ್ತೀರಿ ಅಂತ ನೋಡ್ಲಿಕ್ಕೆ."

ಬೇಲಿಯವರೆಗೆ ಹೋಗಿದ್ದೆ.

ಸಂಬಂಧ ಕುದುರಿತು. ಪ್ರಜ್ಞಾ ನಗುನಗುತ್ತ ಬಂದು ನನ್ನ ಪ್ಲಾಸ್ಟರಿನ ಮೇಲೆ ನಾಲ್ಕು ಚಕ್ರ ಬರೆದು ಹೋದಳು. ಅವಳ ಸಂತೋಷ ಕಂಡು ನನ್ನ ಕೈ ನೋವು ಅರ್ಧ ಇಳಿಯಿತು. ಆದರೆ ನಮ್ಮ ಮನೆತನದಲ್ಲಿ ಧಾರೆಯ ನೀರು ಎರೆಯಬೇಕಾದವನು ಸೋದರಮಾವ, ಅದೂ ಬಲಗೈಯಿಂದ. ಗೊತ್ತು ಮಾಡಿದ್ದ ಮುಹೂರ್ತ ಬಿಟ್ಟು, ಪ್ಲಾಸ್ಟರ್ ಬಿಚ್ಚಿದ ಮೇಲಿನ ದಿನ ನೋಡಬೇಕಾಯಿತು.

ಈಗ ಅಕ್ಕ ಮದುವೆಯ ಕಾಗದ ಹಂಚಲು ಹೋಗುವಾಗಲೆಲ್ಲ ನನ್ನನ್ನೂ ಕರೆದುಕೊಂಡು ಹೋಗುತ್ತಾಳೆ. ಸೋದರಮಾವನೆಂಬ ಗೌರವಕ್ಕೆ ಎಂದುಕೊಂಡು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟಿದ್ದೆ. ಮೊದಲ ಮನೆಯಲ್ಲೇ, "ಮುಹೂರ್ತ ಯಾಕೆ ಇಷ್ಟು ಮುಂದೆ ಹೋಯ್ತು?" ಎಂದು ಕೇಳಿದರು.

ಅಕ್ಕ ನನ್ನ ಕೈ ಎತ್ತಿ ತೋರಿಸಿದಳು.